ಪಥ್ಯದಲ್ಲಿರುವ ನಾಯಿಗೆ ಏನು ತಿಂಡಿ ಕೊಡಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮನೆ ಚಿನ್ನಿಗೆ ಒಂಬತ್ತನೇ ವಯಸ್ಸಿಗೆ ಕಿಡ್ನಿ ತೊಂದರೆ ಶುರುವಾಯಿತು. ಸ್ಪಿಟ್ಜ್ ಮತ್ತು ನಾಟಿ ಬೆರಕೆ, 10 ಕೆಜಿ ತೂಕ. ಆಮೇಲೆ ಮೂರು ವರ್ಷ ಅವಳ ಊಟವನ್ನು ಅಳೆದು ಅಳೆದು ಹಾಕಿದೆ. ಚಿಂತಾಮಣಿಯಂಥ ಊರಲ್ಲಿ ನಾಯಿ ಸಾಕುವವರು ಬೇಗ ಪರಿಚಯವಾಗಿಬಿಡುತ್ತಾರೆ. ಪಶು ಆಸ್ಪತ್ರೆಯ ಸಾಲಿನಲ್ಲಿ, ಬೆಳಗ್ಗೆ ವಾಕಿಂಗ್‌ನಲ್ಲಿ, ರಾತ್ರಿ ಫೋನಿನಲ್ಲಿ ಜನ ನನ್ನನ್ನು ಕೇಳಿದ ಪ್ರಶ್ನೆಗಳೇ ಇವು. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ನಾಯಿಯ ರಿಪೋರ್ಟ್ ನೋಡಿದ ಡಾಕ್ಟರ್ ಬೇರೆ ಏನಾದರೂ ಹೇಳಿದರೆ ಅವರ ಮಾತೇ ಕೇಳಿ.

## ಮೊದಮೊದಲ ಪ್ರಶ್ನೆಗಳು

ಡಾಕ್ಟರ್ ಪಥ್ಯ ಅಂದ್ಬಿಟ್ರು. ಇನ್ಮೇಲೆ ನಮ್ಮ ನಾಯಿಗೆ ಬಾಯಿಗೆ ರುಚಿ ಅನ್ನೋದೇ ಇಲ್ವಾ?

ಇದೆ. ಬೇಜಾರು ಮಾಡ್ಕೋಬೇಡಿ. ಆದರೆ ತಿಂಡಿ ಯೋಚನೆ ಮಾಡುವ ಮೊದಲು ಡಾಕ್ಟರ್ ಹತ್ತಿರ ಮೂರು ವಿಷಯ ಕೇಳಿ ಬರೆದುಕೊಳ್ಳಿ. ಕಾಯಿಲೆಯ ಹೆಸರು ಏನು, ಊಟದಲ್ಲಿ ಯಾವುದನ್ನು ಕಮ್ಮಿ ಮಾಡಬೇಕು (ಉಪ್ಪಾ, ಕೊಬ್ಬಾ, ಫಾಸ್ಫರಸ್ಸಾ, ಸಕ್ಕರೆಯಾ), ದಿನಕ್ಕೆ ಒಟ್ಟು ಎಷ್ಟು ಕ್ಯಾಲೊರಿ. "ಪಥ್ಯ ಮಾಡಿ" ಅಂತ ಮಾತ್ರ ಕೇಳಿಕೊಂಡು ಮನೆಗೆ ಬಂದರೆ ಅರ್ಧ ವಿಷಯ ಬಿಟ್ಟು ಬಂದ ಹಾಗೆ.

ಇನ್ನೊಂದು ಮಾತು, ನನಗೆ ತಿಳಿಯೋಕೆ ತುಂಬ ದಿನ ಹಿಡಿಯಿತು. ನಾಯಿ ಕಾಯುವುದು ತಿಂಡಿಗೆ ಮಾತ್ರ ಅಲ್ಲ, ನಿಮ್ಮ ಕೈಗೆ. ತಟ್ಟೆಯಲ್ಲಿ ಹಾಕಿದರೆ ಮೂಸಿ ನೋಡಿ ಹೋಗುವ ಅದೇ ಪಥ್ಯದ ಕಾಳನ್ನು (ಕಾಯಿಲೆಗೆಂದೇ ಮಾಡಿ ಮಾರುವ ಒಣ ನಾಯಿ ಆಹಾರ) ಒಂದೊಂದಾಗಿ ಕೈಯಿಂದ ಕೊಟ್ಟರೆ ಬಾಲ ಆಡಿಸಿಕೊಂಡು ತಿನ್ನುತ್ತದೆ. ಬೆಳಗ್ಗೆ ಇಡೀ ದಿನದ ಊಟ ಅಳೆದು, ಅದರಲ್ಲೇ ಒಂದು ಹಿಡಿ ಡಬ್ಬಿಗೆ ತೆಗೆದಿಡಿ. ಅದೇ ದಿನದ ತಿಂಡಿ.

ಯಾವ ಕಾಯಿಲೆಗೂ ತೊಂದರೆ ಕೊಡದ ಒಂದೇ ಒಂದು ತಿಂಡಿ ಹೇಳಿ, ಅದನ್ನೇ ಕೊಡ್ತೀನಿ

ಅಂಥದ್ದು ಇಲ್ಲ, ಅವರವರ ಪಥ್ಯದ ಆಹಾರವೊಂದನ್ನು ಬಿಟ್ಟು. ಬೇಯಿಸಿದ ಮೊಟ್ಟೆಯ ಬಿಳಿ ಕಿಡ್ನಿ ನಾಯಿಗೆ ತುಂಬ ಒಳ್ಳೆಯದು, ಮೊಟ್ಟೆ ಅಲರ್ಜಿ ಇರುವ ನಾಯಿಗೆ ಅದೇ ಕಾಟ. ಬಾಳೆಹಣ್ಣಿನಲ್ಲಿ ಕೊಬ್ಬಿಲ್ಲ, ಆದರೆ ಶುಗರ್ ಇರುವ ನಾಯಿಗೆ ಬೇಡ. ಎಲ್ಲರಿಗೂ ಸ್ವಲ್ಪ ಹತ್ತಿರ ಬರುವುದು ಸೌತೆಕಾಯಿ. ಬರೀ ನೀರು, 100 ಗ್ರಾಂಗೆ 15 ಕ್ಯಾಲೊರಿ. ಅದನ್ನೂ ಅಲರ್ಜಿ ಪರೀಕ್ಷೆ ನಡೆಯುವಾಗ ಕೊಡುವ ಹಾಗಿಲ್ಲ. ಹಾಗಾಗಿ "ನಾಯಿಗೆ ಒಳ್ಳೆಯ ತಿಂಡಿಗಳು" ಅನ್ನುವ ಪಟ್ಟಿ ನೋಡಿ ಕೊಡಬೇಡಿ. ಆ ಪಟ್ಟಿಗಳು ಆರೋಗ್ಯವಾಗಿರುವ ನಾಯಿಗೆ ಬರೆದವು.

ದಿನಕ್ಕೆ ಎಷ್ಟು ಕೊಡಬಹುದು? ಚೂರು ಚೂರು ಕೊಟ್ರೆ ಲೆಕ್ಕಕ್ಕೆ ಬರಲ್ಲ ಅಲ್ವಾ?

ಬರುತ್ತದೆ. ದಿನದ ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ತಿಂಡಿಯಿಂದ ಬರಬಾರದು. ಪಥ್ಯದ ನಾಯಿಗೆ ಅದಕ್ಕಿಂತ ಕಮ್ಮಿ ಇದ್ದರೆ ಇನ್ನೂ ಒಳ್ಳೆಯದು. 10 ಕೆಜಿ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಅಂದುಕೊಳ್ಳಿ. ತಿಂಡಿಯ ಪಾಲು 60. ಒಂದು ಗ್ಲೂಕೋಸ್ ಬಿಸ್ಕತ್ತಿಗೆ ಸುಮಾರು 25. ಎರಡು ಬಿಸ್ಕತ್ತು, ಮೂರನೆಯದರಲ್ಲಿ ಅರ್ಧಕ್ಕೂ ಕಮ್ಮಿ, ಅಲ್ಲಿಗೆ ಮುಗಿಯಿತು. ಹತ್ತು ಗ್ರಾಂ ಒಣಕೊಬ್ಬರಿ, ಅಂದರೆ ಸಣ್ಣ ಹೋಳು, ಅದೊಂದೇ 60 ದಾಟುತ್ತದೆ. ಅದೇ ಕ್ಯಾಲೊರಿಗೆ 150 ಗ್ರಾಂ ಕ್ಯಾರೆಟ್ ಬರುತ್ತದೆ.

ನಾಯಿಗೆ ತುಂಡಿನ ಗಾತ್ರ ಗೊತ್ತಾಗುವುದಿಲ್ಲ. ಎಷ್ಟು ಸಲ ಕೊಟ್ಟಿರಿ ಅನ್ನುವುದು ಗೊತ್ತಾಗುತ್ತದೆ. ಕಡಲೆಕಾಳಿನಷ್ಟು ತುಂಡು ಹತ್ತು ಸಲ ಕೊಡಿ.

ಮುದ್ದೆ ಸಾರು ತಿಂದು ಬೆಳೆದಿರೋ ನಾಯಿ ಇದು. ಈಗ ಸಾರಲ್ಲಿ ಅದ್ದಿ ಒಂದು ತುತ್ತು ಕೊಟ್ರೆ ಏನಾಗುತ್ತೆ?

ಮುದ್ದೆಯ ವಿಷಯ ಆಮೇಲೆ ಹೇಳುತ್ತೇನೆ. ಸಾರು ಬೇಡ, ಯಾವ ಕಾಯಿಲೆಯ ನಾಯಿಗೂ ಬೇಡ. ನಮ್ಮ ಸಾರಿನಲ್ಲಿ ಉಪ್ಪು ಇದೆ, ಒಗ್ಗರಣೆ ಎಣ್ಣೆ ಇದೆ. ಈರುಳ್ಳಿ, ಬೆಳ್ಳುಳ್ಳಿ ಇವೆ, ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಮೈತೂಕದ ನೂರಕ್ಕೆ ಅರ್ಧ ಭಾಗದಷ್ಟು ಈರುಳ್ಳಿ ಒಂದೇ ಸಲ ಹೊಟ್ಟೆಗೆ ಹೋದರೆ ಅಪಾಯ ಅನ್ನುತ್ತಾರೆ. 10 ಕೆಜಿ ನಾಯಿಗೆ ಅದು 50 ಗ್ರಾಂ, ಒಂದು ಸಾಧಾರಣ ಈರುಳ್ಳಿ. ದಿನಾ ಸ್ವಲ್ಪ ಸ್ವಲ್ಪ ಹೋದರೂ ಒಳ್ಳೆಯದಲ್ಲ. ಇದೆಲ್ಲದರ ಮೇಲೆ ಹುಣಸೆಹಣ್ಣು. ಅದಕ್ಕೆ ಬೇರೆ ಉತ್ತರವೇ ಬೇಕು, ಮುಂದಿನ ಪ್ರಶ್ನೆ ನೋಡಿ.

ಹಿಂದೆ ನಾಯಿಗಳಿಗೆ ಏನೂ ಆಗುತ್ತಿರಲಿಲ್ಲ ಅಂತ ಹಿರಿಯರು ಹೇಳುತ್ತಾರೆ. ಆಗ ಯಾರೂ ನಾಯಿಯ ರಕ್ತ ಪರೀಕ್ಷೆ ಮಾಡಿಸುತ್ತಿರಲಿಲ್ಲ. ಊಟ ಬಿಟ್ಟಿತು, ಮೂಲೆ ಸೇರಿತು, ಹೋಯಿತು. ಯಾಕೆ ಹೋಯಿತು ಅಂತ ಯಾರಿಗೂ ತಿಳಿಯಲಿಲ್ಲ, ಅಷ್ಟೇ.

ನಮ್ದೇ ದ್ರಾಕ್ಷಿ ತೋಟ. ಕೆಳಗೆ ಬಿದ್ದ ಹಣ್ಣು ತಿಂತಾನೇ ಇರುತ್ತೆ. ದ್ರಾಕ್ಷಿ ವಿಷ ಅನ್ನೋದು ನಿಜಾನಾ?

ನಿಜ. ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ನೀಲಿ, ದಿಲ್‌ಖುಷ್ ತೋಟಗಳು ಇಷ್ಟೊಂದು ಇರುವುದರಿಂದ ಈ ಉತ್ತರವನ್ನು ಕೊಂಚ ಗಟ್ಟಿಯಾಗಿಯೇ ಹೇಳುತ್ತೇನೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿಯನ್ನು ಹಾಳು ಮಾಡಬಲ್ಲವು. ಕೆಲವು ನಾಯಿ ಗೊಂಚಲು ತಿಂದರೂ ಓಡಾಡಿಕೊಂಡಿರುತ್ತವೆ, ಕೆಲವು ನಾಲ್ಕು ಹಣ್ಣಿಗೆ ಬಿದ್ದುಹೋಗುತ್ತವೆ. ಯಾವುದಕ್ಕೆ ಎಷ್ಟು ಅಂತ ಮೊದಲೇ ಹೇಳುವ ದಾರಿ ಇಲ್ಲ.

ಯಾಕೆ ಅನ್ನುವುದು ಬಹಳ ವರ್ಷ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಕೆಲವು ಪಶುವೈದ್ಯರು ಟಾರ್ಟಾರಿಕ್ ಆಮ್ಲದ ಮೇಲೆ ಬೆರಳು ತೋರಿಸಿದರು. ಆ ಆಮ್ಲದ ಉಪ್ಪು ಬೆರೆಸಿದ ಹಿಟ್ಟು ತಿಂದ ನಾಯಿಗಳಿಗೂ ದ್ರಾಕ್ಷಿ ತಿಂದಾಗ ಆಗುವಂಥದ್ದೇ ಕಿಡ್ನಿ ಪೆಟ್ಟು ಆಗಿತ್ತು. ಈ ಆಮ್ಲ ಹುಣಸೆಹಣ್ಣಿನಲ್ಲಿ ದ್ರಾಕ್ಷಿಗಿಂತ ಜಾಸ್ತಿ. ತುಮಕೂರಿನ ಕಡೆಯ ಮನೆಗಳಲ್ಲಿ ಹುಣಸೆ ಕುಟ್ಟಿ ಬೀಜ ಬಿಡಿಸುವ ಕಾಲದಲ್ಲಿ ನಾಯಿಯನ್ನು ಆ ಕಡೆ ಬಿಡಬೇಡಿ.

ತಿಂದದ್ದು ಕಂಡರೆ ವಾಂತಿ ಆಗಲಿ ನೋಡೋಣ ಅಂತ ಕಾಯಬೇಡಿ, ತಕ್ಷಣ ಫೋನ್ ಮಾಡಿ. ಸಾಧಾರಣವಾಗಿ ವಾಂತಿ ಮೊದಲ ದಿನ ಶುರುವಾಗುತ್ತದೆ, ಕಿಡ್ನಿ ಕೈಕೊಡುವುದು ಒಂದರಿಂದ ಮೂರು ದಿನದೊಳಗೆ. ಆಗಲೇ ಕಿಡ್ನಿ ತೊಂದರೆ ಇರುವ ನಾಯಿಗೆ ತಡೆದುಕೊಳ್ಳುವ ಶಕ್ತಿ ಎಲ್ಲಿರುತ್ತದೆ ಹೇಳಿ.

ಟೊಮೆಟೊ?

ಕೆಂಪಗೆ ಹಣ್ಣಾದದ್ದು ಆರೋಗ್ಯದ ನಾಯಿಗೆ ಒಂದು ಹೋಳು ಪರವಾಗಿಲ್ಲ. ಗಿಡ, ಎಲೆ, ತೊಟ್ಟು, ಹಸಿರು ಕಾಯಿ ಬೇಡ. ಪಥ್ಯದ ನಾಯಿಗೆ ಟೊಮೆಟೊ ಕೊಡಲೇಬೇಕಾದ ಕಾರಣ ನನಗಂತೂ ಕಂಡಿಲ್ಲ, ಕೋಲಾರದ ಮಂಡಿಯಲ್ಲಿ ಕೆಜಿ ಎರಡು ರೂಪಾಯಿ ಆದರೂ ಸರಿ.

## ಕಾಯಿಲೆ ನೋಡಿ ತಿಂಡಿ

ಕಿಡ್ನಿ ತೊಂದರೆ ಅಂದ್ರು. ಇದು ಚಿಕನ್ ಜರ್ಕಿ ಬಿಟ್ರೆ ಏನೂ ಮುಟ್ಟಲ್ಲ, ಏನ್ ಮಾಡ್ಲಿ?

ಇದೇ ತಪ್ಪು ನಾನು ಮಾಡಿದ್ದೆ. ಪಥ್ಯದ ಆಹಾರ ತಂದೆ, ಜೊತೆಗೆ ದಿನಾ ನಾಲ್ಕು ಜರ್ಕಿ, ಅಂದರೆ ಒಣಗಿಸಿದ ಕೋಳಿ ಮಾಂಸದ ಪಟ್ಟಿ. ಬರೀ ಮಾಂಸ, ಬೇರೇನೂ ಬೆರೆಸಿಲ್ಲ, ಒಳ್ಳೆಯದೇ ಇರಬೇಕು ಅಂದುಕೊಂಡೆ. ಒಂದು ತಿಂಗಳಾದ ಮೇಲೆ ರಕ್ತ ಪರೀಕ್ಷೆಯಲ್ಲಿ ಫಾಸ್ಫರಸ್ ಇಳಿಯುವ ಬದಲು ಏರಿತ್ತು. ಡಾಕ್ಟರ್ ಬೈಯಲಿಲ್ಲ, "ಊಟದ ಜೊತೆ ಇನ್ನೇನು ಕೊಡ್ತಿದ್ದೀರಾ" ಅಂತ ಕೇಳಿದರು, ಅಷ್ಟೇ. ಮನೆಗೆ ಬರುವ ದಾರಿಯಲ್ಲಿ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಅತ್ತಿದ್ದೇನೆ.

ಕಿಡ್ನಿ ಪಥ್ಯದ ಜೀವಾಳವೇ ಫಾಸ್ಫರಸ್ ಕಮ್ಮಿ ಮಾಡುವುದು. ಮಾಂಸದಲ್ಲಿ ಅದು ಇದ್ದೇ ಇದೆ. ಮಾಂಸ ಒಣಗಿಸಿದಾಗ ನೀರು ಹೋಗಿ, ಸಣ್ಣ ತುಂಡಿನಲ್ಲೇ ದೊಡ್ಡ ತುಂಡಿನ ಫಾಸ್ಫರಸ್ ಕೂತಿರುತ್ತದೆ. ಜರ್ಕಿಯ ಮೇಲೆ ಬೇರೆ ಅನುಮಾನವೂ ಇದೆ. 2007ರಿಂದ ಈಚೆಗೆ ಅಮೆರಿಕದಲ್ಲಿ ಜರ್ಕಿ ತಿಂಡಿ ತಿಂದು ನಾಯಿಗಳು ಕಾಯಿಲೆ ಬಿದ್ದ ಸಾವಿರಾರು ದೂರುಗಳು ಬಂದವು. ಅವುಗಳಲ್ಲಿ ಕಿಡ್ನಿಗೆ ಪೆಟ್ಟಾದವೂ ಇದ್ದವು. ಸರ್ಕಾರದ ಇಲಾಖೆ ವರ್ಷಗಟ್ಟಲೆ ಹುಡುಕಿದರೂ ಒಂದು ಖಚಿತ ಕಾರಣ ಸಿಗಲಿಲ್ಲ. ಕಿಡ್ನಿ ನಾಯಿಗೆ ಆ ಗೊಡವೆಯೇ ಬೇಡ.

ಬದಲಿಗೆ ಏನು? ಬೇಯಿಸಿದ ಮೊಟ್ಟೆಯ ಬಿಳಿ. ಒಂದು ಮೊಟ್ಟೆಯ ಬಿಳಿಯಲ್ಲಿ ಸುಮಾರು 5 ಮಿಲಿಗ್ರಾಂ ಫಾಸ್ಫರಸ್, ಹಳದಿಯಲ್ಲಿ 60ಕ್ಕೂ ಜಾಸ್ತಿ. ಹಳದಿ ನೀವು ತಿನ್ನಿ, ಬಿಳಿಯನ್ನು ಚೌಕ ಚೌಕ ಕತ್ತರಿಸಿ ಅದಕ್ಕೆ ಕೊಡಿ. ಬೀಜ ತೆಗೆದ ಸೇಬು, ಬೀಜ ತೆಗೆದ ಕಲ್ಲಂಗಡಿ, ಪರಂಗಿಹಣ್ಣು, ಬೇಯಿಸಿದ ಬೀನ್ಸ್, ಉಪ್ಪಿಲ್ಲದ ಬಿಳಿ ಅನ್ನದ ಪುಟ್ಟ ಉಂಡೆ ಕೂಡ ನಡೆಯುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದ್ದರೆ ಹಣ್ಣಿನ ವಿಷಯ ಮತ್ತೆ ಕೇಳಿಕೊಳ್ಳಿ. ಗಿಣ್ಣು, ಪನೀರ್, ಚೀಸ್, ಲಿವರ್, ಬೋಟಿ, ಮೂಳೆ, ಒಣಮೀನು ಬೇಡ.

ಜರ್ಕಿಯ ಚಟ ಬಿಡಿಸೋಕೆ ಚಿನ್ನಿಗೆ ಹತ್ತು ದಿನ ಬೇಕಾಯಿತು. ಮೊಟ್ಟೆಯ ಬಿಳಿಯನ್ನು ತವಾ ಮೇಲೆ ಎಣ್ಣೆ ಹಾಕದೆ ಒಣಗಿಸಿದೆ. ಅಂಚು ಗರಿಗರಿ ಆಗುತ್ತದೆ, ವಾಸನೆ ಬರುತ್ತದೆ. ಅದಕ್ಕೆ ಸೋತಳು.

ರಾಗಿ ತಂಪು, ಒಳ್ಳೇದು ಅಂತಾರೆ. ಕಿಡ್ನಿ ನಾಯಿಗೆ ರಾಗಿ ಅಂಬಲಿ ಕೊಡಬಹುದಾ?

ನಮ್ಮ ಕಡೆ ರಾಗಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಆದರೂ ಲೆಕ್ಕ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, 200ಕ್ಕೂ ಜಾಸ್ತಿ ಫಾಸ್ಫರಸ್. ಬಿಳಿ ಅಕ್ಕಿಯಲ್ಲಿ ಫಾಸ್ಫರಸ್ 100ರ ಆಸುಪಾಸು. ಧಾನ್ಯದಲ್ಲಿರುವ ಫಾಸ್ಫರಸ್ ಮಾಂಸದ್ದರಷ್ಟು ಮೈಗೆ ಹತ್ತುವುದಿಲ್ಲ, ಅದೂ ನಿಜ. ಹಾಗಾಗಿ ಒಂದು ಚಮಚ ಅಂಬಲಿಗೆ ಹೆದರಬೇಕಿಲ್ಲ. ದಿನಾ ಎರಡು ಹೊತ್ತು ಮುದ್ದೆ ಹಾಕುತ್ತಿದ್ದರೆ ಮಾತ್ರ ಅದು ತಿಂಡಿ ಅಲ್ಲ, ಊಟ. ಅದನ್ನು ಡಾಕ್ಟರ್‌ಗೆ ಹೇಳಲೇಬೇಕು. ಇದು ಕಿಡ್ನಿಯ ಮಾತಾಯಿತು, ಕಲ್ಲಿನ ತೊಂದರೆ ಇದ್ದರೆ ಉತ್ತರ ಬೇರೆ.

ಮೂತ್ರದಲ್ಲಿ ಕಲ್ಲು ಅಂದ್ರು. ಸೊಪ್ಪು ತರಕಾರಿ ಜಾಸ್ತಿ ಕೊಟ್ರೆ ಕರಗುತ್ತೆ ಅಂತಾರಲ್ಲ?

ಯಾವ ಕಲ್ಲು ಅಂತ ಮೊದಲು ಕೇಳಿ. ಸ್ಟ್ರುವೈಟ್ ಅನ್ನುವ ಕಲ್ಲು ಪಥ್ಯದ ಆಹಾರದಿಂದ ಕರಗಬಲ್ಲದು. ನಾಯಿಗಳಲ್ಲಿ ಅದು ಹೆಚ್ಚಾಗಿ ಮೂತ್ರದ ಸೋಂಕಿನಿಂದ ಬರುತ್ತದೆ, ಹಾಗಾಗಿ ಔಷಧಿಯೂ ಬೇಕು. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಯಾವ ಊಟಕ್ಕೂ ಕರಗುವುದಿಲ್ಲ, ತೆಗೆಸಬೇಕು, ಆಮೇಲೆ ಮತ್ತೆ ಬರದ ಹಾಗೆ ನೋಡಿಕೊಳ್ಳಬೇಕು. ಈ ಎರಡನೇ ಕಲ್ಲಿಗೆ ಸೊಪ್ಪೇ ತೊಂದರೆ. ಪಾಲಕ್, ದಂಟಿನ ಸೊಪ್ಪು, ಬೀಟ್‌ರೂಟ್, ಗೆಣಸು, ಕಡಲೆಕಾಯಿ, ರಾಗಿ, ಎಲ್ಲದರಲ್ಲೂ ಆಕ್ಸಲೇಟ್ ಇದೆ. ಡಾಲ್ಮೇಷಿಯನ್ ನಾಯಿಗೆ ಬರುವ ಯೂರೇಟ್ ಕಲ್ಲು ಇನ್ನೊಂದು ಥರ, ಅದಕ್ಕೆ ಲಿವರ್, ಬೋಟಿ ಬೇಡ.

ಸ್ಟ್ರುವೈಟ್ ಕರಗಿಸುವ ಪಥ್ಯದಲ್ಲಿ ಇರುವಷ್ಟು ದಿನ ಹೊರಗಿನ ತಿಂಡಿ ಏನೂ ಬೇಡ. ಮೂತ್ರದ ಗುಣವನ್ನೇ ಬದಲಾಯಿಸಲು ಮಾಡಿದ ಆಹಾರ ಅದು, ನಡುವೆ ಬೇರೆ ಬೆರೆಸಿದರೆ ಕೆಲಸ ಕೆಡುತ್ತದೆ. ಎಲ್ಲ ಕಲ್ಲಿಗೂ ಆಗುವ ಒಂದು ಟ್ರೀಟ್ ಅಂದರೆ ನೀರು. ಪಥ್ಯದ ಕಾಳನ್ನೇ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಕೊಡಿ.

ಪ್ಯಾಂಕ್ರಿಯಾಟೈಟಿಸ್ ಆಗಿ ಹುಷಾರಾಗಿದೆ. ಈಗ ಚೂರು ಕೊಬ್ಬರಿ ಕೊಡಬಹುದಾ, ಪ್ರಾಣ ಬಿಡುತ್ತೆ ಅದಕ್ಕೆ

ಬೇಡ. ತಿಪಟೂರಿನವರೊಬ್ಬರು ಕೇಳಿದ್ದು ಇದು. ಮನೆ ತುಂಬ ಕೊಬ್ಬರಿ, ನಾಯಿ ಅಟ್ಟದ ಕೆಳಗೇ ಮಲಗುತ್ತದೆ ಅಂದರು, ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಒಣಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ. ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಊತ, ಒಮ್ಮೆ ಬಂದ ನಾಯಿಗೆ ಮತ್ತೆ ಬರಬಹುದು, ಒಂದು ಜಿಡ್ಡಿನ ಊಟ ಸಾಕು. ಬಿರಿಯಾನಿ, ಕೋಳಿ ಚರ್ಮ, ತುಪ್ಪ, ಕೆನೆ, ಕಡಲೆಕಾಯಿ, ಬೋಂಡಾ, ಬೆಣ್ಣೆ ಬಿಸ್ಕತ್ತು ಎಲ್ಲ ಬೇಡ. ಕ್ಯಾರೆಟ್, ಸೌತೆಕಾಯಿ, ಸೇಬು, ಬೇಯಿಸಿದ ಸಿಹಿಗುಂಬಳ, ಬಿಳಿ ಅನ್ನ, ಮೊಟ್ಟೆಯ ಬಿಳಿ ಆಗುತ್ತವೆ. ಚರ್ಮ ತೆಗೆದು ನೀರಲ್ಲಿ ಬೇಯಿಸಿದ ಕೋಳಿ ಎದೆಭಾಗವೂ ಆಗಬಹುದು, ಡಾಕ್ಟರ್ ಒಪ್ಪಿದರೆ. ಕೊಬ್ಬರಿಯನ್ನು ಬಾಗಿಲು ಹಾಕಿದ ಕೋಣೆಯಲ್ಲಿಡಿ.

ಶುಗರ್ ಇರೋ ನಾಯಿಗೆ ಮಾವಿನಹಣ್ಣು ಸೀಸನ್‌ನಲ್ಲಿ ಒಂದ್ ಹೋಳಾದ್ರೂ?

ಶ್ರೀನಿವಾಸಪುರದ ಮಾವು ಮನೆಗೆ ಬಂದಾಗ ಆ ಘಮಕ್ಕೆ ನಾಯಿಯೂ ಬಾಗಿಲಲ್ಲಿ ಕೂರುತ್ತದೆ, ನೋಡಿದ್ದೇನೆ. ಆದರೂ ಬೇಡ. ಮಾವು, ಬಾಳೆ, ಸಪೋಟ, ಬೆಲ್ಲ, ಜೇನು, ಬನ್ನು ಇವು ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುತ್ತವೆ. ಇನ್ಸುಲಿನ್ ಅಳತೆ ನಿಂತಿರುವುದು ದಿನಾ ಅದೇ ಊಟ, ಅದೇ ಹೊತ್ತು ಅನ್ನುವ ನಂಬಿಕೆ ಮೇಲೆ. ಬೇಯಿಸಿದ ಬೀನ್ಸ್, ಸೌತೆಕಾಯಿ, ಮೊಟ್ಟೆಯ ಬಿಳಿ ಕೊಡಿ, ಊಟದ ಹೊತ್ತಿಗೇ ಕೊಡಿ, ದಿನಾ ಅಷ್ಟೇ ಕೊಡಿ.

"ಶುಗರ್ ಫ್ರೀ" ಅಂತ ಬರೆದದ್ದನ್ನು ಮಾತ್ರ ಯಾವತ್ತೂ ಬೇಡ. ಅದರಲ್ಲಿ ಝೈಲಿಟಾಲ್ ಅನ್ನುವ, ಸಕ್ಕರೆ ಬದಲು ಹಾಕುವ ಸಿಹಿ ಪದಾರ್ಥ ಇದ್ದರೆ ನಾಯಿಯ ಮೈಯಲ್ಲಿ ಒಮ್ಮೆಲೇ ಇನ್ಸುಲಿನ್ ಹರಿದು ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ, ಲಿವರ್ ಕೂಡ ಕೆಡಬಹುದು. ಚೂಯಿಂಗ್ ಗಮ್, ಕೆಲವು ಪೀನಟ್ ಬಟರ್‌ಗಳಲ್ಲಿ ಇದು ಇರುತ್ತದೆ.

ಇನ್ಸುಲಿನ್ ಕೊಟ್ಟ ಮೇಲೆ ನಾಯಿ ತೂರಾಡಿದರೆ, ನಡುಗಿದರೆ, ಕುಸಿದರೆ ಅದು ಸಕ್ಕರೆ ಇಳಿದಿರುವ ಗುರುತು. ಆಗ ಮಾತ್ರ ಜೇನು ಅಥವಾ ಸಕ್ಕರೆ ಪಾಕವನ್ನು ಒಸಡಿಗೆ ಸವರಿ, ತಕ್ಷಣ ಡಾಕ್ಟರ್ ಹತ್ತಿರ ಹೊರಡಿ. ಪ್ರಜ್ಞೆ ತಪ್ಪಿದ ನಾಯಿಯ ಬಾಯಿಗೆ ನೀರು, ಹಾಲು ಸುರಿಯಬೇಡಿ.

ಹಾರ್ಟ್ ಪ್ರಾಬ್ಲಂ. ಉಪ್ಪು ಹಾಕದೆ ಏನ್ ತಿಂಡಿ ಇದೆ ಹೇಳಿ

ತರಕಾರಿ, ಹಣ್ಣು, ಉಪ್ಪಿಲ್ಲದೆ ಬೇಯಿಸಿದ ಕೋಳಿ, ಉಪ್ಪಿಲ್ಲದ ಅನ್ನ, ಎಲ್ಲ ಇವೆ. ಬಚ್ಚಿಟ್ಟುಕೊಂಡಿರುವ ಉಪ್ಪನ್ನು ಹುಡುಕುವುದೇ ಇಲ್ಲಿ ಕೆಲಸ. ಬ್ರೆಡ್ಡು, ರಸ್ಕು, ಬಿಸ್ಕತ್ತು, ಚೀಸ್, ಹಪ್ಪಳ, ಉಪ್ಪು ಹಾಕಿದ ಮಜ್ಜಿಗೆ, ಇಡ್ಲಿ ಹಿಟ್ಟು, ಎಲ್ಲದರಲ್ಲೂ ಇದೆ.

ಲಿವರ್ ವೀಕು ಅಂದ್ರು. ಲಿವರ್ ತಿನ್ಸಿದ್ರೆ ಲಿವರ್ ಬಲ ಆಗಲ್ವಾ?

ಆಗುವುದಿಲ್ಲ. ಕುರಿ ಲಿವರ್‌ನಲ್ಲಿ ತಾಮ್ರದ ಅಂಶ ಜಾಸ್ತಿ. ಲ್ಯಾಬ್ರಡಾರ್‌ನಂಥ ಕೆಲವು ತಳಿಗಳ ಲಿವರ್ ಹಾಳಾಗುವುದೇ ತಾಮ್ರ ಸೇರಿಕೊಂಡು. ಅಂಥ ನಾಯಿಗೆ ಲಿವರ್ ಕೊಟ್ಟರೆ ಕಾಯಿಲೆಯನ್ನೇ ಸಾಕಿದ ಹಾಗೆ.

ಚರ್ಮದ ಅಲರ್ಜಿಗೆ ಎಂಟು ವಾರ ಒಂದೇ ಆಹಾರ ಅಂದ್ರು. ನಡುವೆ ಒಂದ್ ದಿನ ಒಂದ್ ಪೀಸ್ ಚಿಕನ್ ಕೊಟ್ರೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ, ಮತ್ತೆ ಮೊದಲ ದಿನದಿಂದ ಎಣಿಸಬೇಕಾಗಬಹುದು. ಇದು ಪಥ್ಯಕ್ಕಿಂತ ಹೆಚ್ಚಾಗಿ ಪರೀಕ್ಷೆ. ಯಾವುದು ಆಗುವುದಿಲ್ಲ ಅಂತ ಹುಡುಕಲು ಎಲ್ಲ ಬಿಡಿಸಿ ನೋಡುತ್ತಾರೆ. ಊಟದ ಅಲರ್ಜಿ ಇರುವ ಹತ್ತು ನಾಯಿಯಲ್ಲಿ ಒಂಬತ್ತಕ್ಕೆ ಎಂಟು ವಾರದೊಳಗೆ ಕೆರೆತ ಕಮ್ಮಿಯಾಗುತ್ತದೆ. ದನದ ಮಾಂಸ, ಹಾಲು, ಕೋಳಿ, ಗೋಧಿ, ಇವೇ ಹೆಚ್ಚಾಗಿ ಸಿಕ್ಕಿಬೀಳುವ ಪದಾರ್ಥಗಳು. ಅಂದರೆ ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಕೊಡುವ ಹಾಲು, ಕೋಳಿ, ಚಪಾತಿ, ಬಿಸ್ಕತ್ತು ಎಲ್ಲ ಈ ಪಟ್ಟಿಯಲ್ಲೇ ಇವೆ.

ಈ ಎಂಟು ವಾರ ಅದೇ ಆಹಾರವೇ ತಿಂಡಿ. ಇನ್ನೊಂದು ಎಲ್ಲರೂ ಮರೆಯುವುದು, ಉಣ್ಣಿ ಮತ್ತು ಜಂತುಹುಳುವಿಗೆ ಕೊಡುವ ಅಗಿಯುವ ಮಾತ್ರೆಗಳಲ್ಲಿ ಮಾಂಸದ ರುಚಿ ಬೆರೆಸಿರುತ್ತಾರೆ. ಶುರು ಮಾಡುವ ಮೊದಲೇ ಬೇರೆ ಥರದ್ದು ಬರೆಸಿಕೊಳ್ಳಿ.

## ದಿನಾ ಬರುವ ತಾಪತ್ರಯ

ಮಾತ್ರೆ ಯಾವುದರಲ್ಲಿ ಅಡಗಿಸಿ ಕೊಡೋದು? ಇಷ್ಟು ದಿನ ಬೆಲ್ಲದಲ್ಲಿ ಕೊಡ್ತಿದ್ದೆ

ಪಥ್ಯದ ಡಬ್ಬಿ ಆಹಾರ ಸಿಕ್ಕರೆ ಅದರ ಪುಟ್ಟ ಉಂಡೆ. ಸಿಗದಿದ್ದರೆ ಅನ್ನವನ್ನು ಚೆನ್ನಾಗಿ ಕಿವುಚಿ ಉಂಡೆ ಮಾಡಿ. ಹೃದಯದ ನಾಯಿಗೆ ಬ್ರೆಡ್ಡು, ಚೀಸ್ ಬೇಡ. ಶುಗರ್ ನಾಯಿಗೆ ಬೆಲ್ಲ ಬೇಡ. ಮೊದಲು ಮಾತ್ರೆ ಇಲ್ಲದ ಒಂದು ಉಂಡೆ, ಆಮೇಲೆ ಮಾತ್ರೆ ಇರುವುದು, ಅದು ಬಾಯಲ್ಲಿರುವಾಗಲೇ ಮೂರನೆಯದು ಮೂಗಿನ ಮುಂದೆ ಹಿಡಿಯಿರಿ. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತದೆ. ಕೆಲವು ಔಷಧಿ ಖಾಲಿ ಹೊಟ್ಟೆಗೇ ಕೊಡಬೇಕು, ಕೇಳಿಕೊಳ್ಳಿ.

ನಾವು ಪಥ್ಯ ಮಾಡ್ತೀವಿ, ಮನೆಗೆ ಬರೋರೆಲ್ಲ ಏನಾದ್ರೂ ಹಾಕ್ತಾರೆ. ನಮ್ಮತ್ತೇನೇ ಕದ್ದು ಹಾಲನ್ನ ಕೊಡ್ತಾರೆ

ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ನನ್ನ ಅನುಭವದಲ್ಲಿ ಪಥ್ಯ ಮುರಿಯುವುದು ಹೆಚ್ಚಾಗಿ ಪ್ರೀತಿಯಿಂದಲೇ.

ನಮ್ಮಮ್ಮ ಏಳು ವರ್ಷ ದಿನಾ ಬೆಳಗ್ಗೆ ಮೊದಲ ಇಡ್ಲಿಯನ್ನು ಮುರಿದು ಚಿನ್ನಿಗೆ ಕೊಟ್ಟವರು. ಪಥ್ಯ ಶುರುವಾದ ಮೇಲೆ "ಕೊಡಬೇಡಮ್ಮಾ" ಅಂದೆ. ಅಮ್ಮ ಕೊಡುತ್ತಲೇ ಇದ್ದರು, ನನಗೆ ಕಾಣದ ಹಾಗೆ. ಒಂದು ದಿನ ಜಗಳವೇ ಆಯಿತು. "ಬಾಗಿಲಲ್ಲಿ ಕೂತು ಮುಖ ನೋಡ್ತಾಳೆ ಕಣೋ, ಹೆಂಗೆ ಸುಮ್ನೆ ತಿನ್ಲಿ" ಅಂದರು. ಆಮೇಲೆ ಹೊಳೆಯಿತು, ನಾನು ಬೇಡ ಅಂದೆನೇ ಹೊರತು ಬದಲಿಗೆ ಕೈಗೆ ಏನೂ ಕೊಟ್ಟಿರಲಿಲ್ಲ. ಮಾರನೇ ದಿನದಿಂದ ಪಥ್ಯದ ಆಹಾರದ ಐದು ತುಂಡನ್ನು ಅಮ್ಮನ ತಟ್ಟೆ ಅಂಚಿನಲ್ಲೇ ಇಟ್ಟೆ. ಅಮ್ಮ ಅದೇ ಜಾಗದಲ್ಲಿ ಕೂತು, ಅದೇ ಹೊತ್ತಿಗೆ, ಅದೇ ಕೈಯಿಂದ ಕೊಟ್ಟರು. ಚಿನ್ನಿ ತಿಂದಳು.

ಹಾಗಾಗಿ ಅತ್ತೆಯವರಿಗೆ ಬೈಯಬೇಡಿ. ರಿಪೋರ್ಟ್ ತೋರಿಸಿ, ಡಾಕ್ಟರ್ ಹತ್ತಿರ ಒಮ್ಮೆ ಕರೆದುಕೊಂಡು ಹೋಗಿ, ತಿಂಡಿ ಡಬ್ಬಿಯನ್ನು ಅವರ ಕೈಗೇ ಒಪ್ಪಿಸಿ. ಬರುವ ನೆಂಟರಿಗೆ ಬಾಗಿಲ ಹತ್ತಿರವೇ ಆ ಡಬ್ಬಿಯಿಂದ ಎರಡು ಕಾಳು ಕೊಡಿ. ಡಬ್ಬಿ ಖಾಲಿಯಾದರೆ ಆ ದಿನಕ್ಕೆ ಮುಗಿಯಿತು, ಮನೆಯಲ್ಲಿ ಎಲ್ಲರಿಗೂ ಅದೇ ಲೆಕ್ಕ.

ಹಬ್ಬದ ದಿನಾನೂ ಪಥ್ಯಾನಾ?

ಹೌದು. ಹಬ್ಬದ ಮಾರನೇ ದಿನವೇ ಕ್ಲಿನಿಕ್‌ಗಳಲ್ಲಿ ವಾಂತಿ ಭೇದಿ ನಾಯಿಗಳ ಸಾಲು ಜಾಸ್ತಿ ಇರುವುದನ್ನು ಕಂಡಿದ್ದೇನೆ. ಸಂಕ್ರಾಂತಿಯ ಎಳ್ಳು ಬೆಲ್ಲದಲ್ಲಿ ಕಡಲೆಕಾಯಿ, ಕೊಬ್ಬರಿ, ಎಳ್ಳು, ಬೆಲ್ಲ, ಅಂದರೆ ಕೊಬ್ಬು ಮತ್ತು ಸಕ್ಕರೆ ಒಟ್ಟಿಗೆ. ಪಾಯಸದಲ್ಲಿ ಒಣದ್ರಾಕ್ಷಿ. ಅವರೆಕಾಯಿ ಕಾಲದಲ್ಲಿ ಹಸಿ ಅವರೆ ಬೇಡ, ಬೇಯಿಸಿದ್ದು ಕೂಡ ಹೊಟ್ಟೆ ಉಬ್ಬಿಸುತ್ತದೆ, ಕಿಡ್ನಿ ನಾಯಿಗೆ ಬೇಳೆಕಾಳು ಒಳ್ಳೆಯದಲ್ಲ. ವರ್ಷತೊಡಕಿನ ದಿನ ಮೂಳೆ ಬುಟ್ಟಿಗೆ ಮುಚ್ಚಳ ಹಾಕಿ, ಅದರ ಮೇಲೆ ಕಲ್ಲು ಇಡಿ.

ಬಿಸಿಲಿಗೆ ಎಳನೀರು ಕೊಡಬಹುದಾ?

ಎಳನೀರಿನಲ್ಲಿ 100 ಮಿಲೀಗೆ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಕಿಡ್ನಿ ಕೆಟ್ಟಾಗ ಅದು ಮೈಯಿಂದ ಸರಿಯಾಗಿ ಹೊರಗೆ ಹೋಗದಿರಬಹುದು, ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳೂ ಅದನ್ನು ಏರಿಸುತ್ತವೆ. ಈ ಎರಡು ಕಾಯಿಲೆಗೂ ಕೇಳದೆ ಕೊಡಬೇಡಿ. ತಣ್ಣನೆಯ ನೀರು, ನೀರಿನ ಅಂಶ ಜಾಸ್ತಿ ಇರುವ ಸೌತೆಕಾಯಿ ಸಾಕು.

ಅಗಿಯೋಕೆ ಏನಾದ್ರೂ ಬೇಕೇ ಬೇಕು ಇದಕ್ಕೆ, ಚಪ್ಪಲಿ ಎಲ್ಲ ಹೋಯ್ತು

ಚರ್ಮದ ಕಡ್ಡಿ, ಮೂಳೆ, ಒಣಗಿಸಿದ ಕಿವಿ ಎಲ್ಲವೂ ಪ್ರೋಟೀನು, ಕೊಬ್ಬು, ಫಾಸ್ಫರಸ್. ತಿಂಡಿ ಅಂತ ಅನ್ನಿಸದಿದ್ದರೂ ತಿಂಡಿಯೇ. ಗಟ್ಟಿ ರಬ್ಬರಿನ ಟೊಳ್ಳು ಆಟಿಕೆಯಲ್ಲಿ ನೆನೆಸಿದ ಪಥ್ಯದ ಆಹಾರ ತುಂಬಿ ಫ್ರೀಜರ್‌ನಲ್ಲಿಟ್ಟು ಕೊಡಿ, ಅರ್ಧ ಗಂಟೆ ಅದರ ಜೊತೆ ಇರುತ್ತದೆ.

## ಸ್ವಲ್ಪ ಆಳಕ್ಕೆ ಹೋಗುವವರಿಗೆ

ಪಥ್ಯದ ಆಹಾರದಿಂದಲೇ ಬಿಸ್ಕತ್ತು ಮಾಡೋದು ಹೇಗೆ?

ಡಬ್ಬಿಯಲ್ಲಿ ಬರುವ ಗಟ್ಟಿ ಆಹಾರವಾದರೆ ಅರ್ಧ ಇಂಚು ತುಂಡು ಮಾಡಿ, ಓವನ್‌ನಲ್ಲಿ 175 ಡಿಗ್ರಿ ಸೆಲ್ಸಿಯಸ್‌ಗೆ ಅರ್ಧ ಗಂಟೆ. ಕಾಳಾದರೆ ಮಿಕ್ಸಿಯಲ್ಲಿ ಪುಡಿ ಮಾಡಿ, ನೀರು ಬೆರೆಸಿ, ತಟ್ಟಿ, ಅಂಚು ಗರಿಯಾಗುವವರೆಗೆ ಬೇಯಿಸಿ. ನಮ್ಮನೆಯಲ್ಲಿ ಓವನ್ ಇಲ್ಲ. ದಪ್ಪ ತವಾ, ಸಣ್ಣ ಉರಿ, ಎಣ್ಣೆ ಇಲ್ಲ, ಎರಡೂ ಕಡೆ ಒಣಗುವವರೆಗೆ. ಫ್ರಿಜ್‌ನಲ್ಲಿ ಐದು ದಿನಕ್ಕಿಂತ ಜಾಸ್ತಿ ಇಡಬೇಡಿ. ಇದನ್ನೂ ದಿನದ ಅಳತೆಯಲ್ಲೇ ಎಣಿಸಿ.

ಪ್ಯಾಕೆಟ್ ಹಿಂದೆ ಕೊಬ್ಬು ಶೇ 3 ಅಂತಿದೆ. ಕಮ್ಮೀನೇ ಅಲ್ವಾ?

ನೀರು ಎಷ್ಟಿದೆ ಅಂತ ಪಕ್ಕದಲ್ಲೇ ನೋಡಿ. ಮೆತ್ತನೆ ಆಹಾರದಲ್ಲಿ ನೀರು ಶೇ 80 ಇದ್ದರೆ ಉಳಿದ ಗಟ್ಟಿ ಪದಾರ್ಥ 20 ಮಾತ್ರ. ಆ 20ರಲ್ಲಿ 3 ಅಂದರೆ ಶೇ 15 ಕೊಬ್ಬು. ಅದೇ ನೀರು ಶೇ 10 ಇರುವ ಒಣ ಬಿಸ್ಕತ್ತಿನಲ್ಲಿ ಶೇ 9 ಕೊಬ್ಬು ಅಂತ ಬರೆದಿದ್ದರೆ ಲೆಕ್ಕಕ್ಕೆ ಬರುವುದು ಶೇ 10. ಮೇಲ್ನೋಟಕ್ಕೆ ಜಾಸ್ತಿ ಕಂಡದ್ದೇ ಕಮ್ಮಿ. ತಿಂಡಿ ಪ್ಯಾಕೆಟ್ ಮೇಲೆ ಫಾಸ್ಫರಸ್ ಎಷ್ಟು ಅಂತ ಎಷ್ಟೋ ಸಲ ಬರೆದೇ ಇರುವುದಿಲ್ಲ. ಬರೆಯದಿದ್ದರೆ ಕಿಡ್ನಿ ನಾಯಿಗೆ ತರಬೇಡಿ. "ನ್ಯಾಚುರಲ್", "ಗ್ರೇನ್ ಫ್ರೀ" ಅನ್ನುವ ಮಾತು ಪಥ್ಯಕ್ಕೆ ಉಪಯೋಗವಿಲ್ಲ.

ಕ್ರಿಯಾಟಿನಿನ್ 2.1 ಬಂದಿದೆ, ಎರಡನೇ ಹಂತ ಅಂದ್ರು. ಈಗಿಂದಲೇ ಇಷ್ಟು ಕಟ್ಟುನಿಟ್ಟು ಬೇಕಾ?

ಕ್ರಿಯಾಟಿನಿನ್ ಅಂದರೆ ಕಿಡ್ನಿ ಸರಿಯಾಗಿ ಸೋಸದಿದ್ದಾಗ ರಕ್ತದಲ್ಲಿ ಏರುವ ಕಲ್ಮಶ. ನಾಯಿಗಳಲ್ಲಿ ಅದು 1.4ರಿಂದ 2.8 ಎರಡನೇ ಹಂತ, 2.9ರಿಂದ 5 ಮೂರನೇ ಹಂತ, 5 ದಾಟಿದರೆ ನಾಲ್ಕು. ಕಿಡ್ನಿ ಪಥ್ಯವನ್ನು ಸಾಧಾರಣವಾಗಿ ಎರಡನೇ ಹಂತದಲ್ಲೇ ಯೋಚಿಸುತ್ತಾರೆ. ನಾನು ಹೇಳುವುದು, ಈಗಲೇ ಶುರು ಮಾಡಿ. ನಾಯಿಗೆ ಹಸಿವು ಇರುವಾಗ ಹೊಸ ರುಚಿ ಅಭ್ಯಾಸವಾಗುತ್ತದೆ. ಮೂರು ನಾಲ್ಕನೇ ಹಂತದಲ್ಲಿ ಹೊಟ್ಟೆ ತೊಳಸುವಾಗ ಹೊಸ ಊಟ ಇಟ್ಟರೆ ಮುಖ ತಿರುಗಿಸುತ್ತದೆ.

ಕಿಡ್ನಿನೂ ಇದೆ, ಪ್ಯಾಂಕ್ರಿಯಾಸ್‌ದೂ ಇದೆ. ಒಂದಕ್ಕೆ ಆಗೋದು ಇನ್ನೊಂದಕ್ಕೆ ಆಗಲ್ಲ, ತಲೆ ಕೆಟ್ಟೋಗಿದೆ

ಎರಡು ಪಟ್ಟಿ ಅಕ್ಕಪಕ್ಕ ಬರೆಯಿರಿ, ಎರಡರಲ್ಲೂ ಇರುವುದನ್ನು ಮಾತ್ರ ಉಳಿಸಿ. ಈ ಜೋಡಿಗೆ ಮೊಟ್ಟೆಯ ಬಿಳಿ, ಬಿಳಿ ಅನ್ನ, ಸೇಬು, ಸೌತೆಕಾಯಿ ಉಳಿಯುತ್ತವೆ. ಗಮನಿಸಿ, ಕಿಡ್ನಿ ಪಥ್ಯದ ಆಹಾರಗಳಲ್ಲಿ ಎಷ್ಟೋ ಸಲ ಕೊಬ್ಬು ಜಾಸ್ತಿ ಇರುತ್ತದೆ, ಹಾಗಾಗಿ ಊಟವನ್ನೇ ಬೇರೆ ಮಾಡಿಸಬೇಕಾಗಬಹುದು. ಇಂಥ ಕೇಸಿಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ, ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಯವರಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಹಳೆಯ ರಿಪೋರ್ಟ್ ಎಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ.

ಪಥ್ಯದ್ದು ಏನೂ ತಿಂತಿಲ್ಲ. ಎರಡು ದಿನ ಆಯ್ತು. ಈಗಲೂ ಬೇರೆ ಕೊಡಬಾರದಾ?

ಎರಡು ದಿನ ಉಪವಾಸ ಬಿಡಬೇಡಿ, ಇವತ್ತೇ ಡಾಕ್ಟರ್‌ಗೆ ತೋರಿಸಿ. ಹೊಟ್ಟೆ ತೊಳಸುವುದಕ್ಕೆ, ಹಸಿವಿಗೆ ಔಷಧಿ ಇದೆ. ಆಹಾರ ಸ್ವಲ್ಪ ಬೆಚ್ಚಗೆ ಮಾಡಿ ನೋಡಿ, ವಾಸನೆ ಏಳುತ್ತದೆ. ಬಾಯಲ್ಲಿ ಹುಣ್ಣು ಇದೆಯಾ ನೋಡಿ. ಪಥ್ಯದ ಊಟ ತಿನ್ನದೆ ಸೊರಗುವುದಕ್ಕಿಂತ ಬೇರೆ ಏನನ್ನಾದರೂ ತಿಂದು ನಿಲ್ಲುವುದು ಮೇಲು ಅನ್ನುವ ಹಂತವೂ ಬರುತ್ತದೆ. ಅದು ಬಂದಿದೆಯಾ ಅಂತ ಡಾಕ್ಟರ್‌ನ ನೇರವಾಗಿ ಕೇಳಿ. ಅದನ್ನು ಕೇಳುವುದು ತಪ್ಪಲ್ಲ.

ನಾನು ಕೇಳಿದೆ. "ಇನ್ನು ಅವಳು ಏನು ತಿಂತಾಳೋ ಅದು ಕೊಡಿ" ಅಂದರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಏನೂ ಮಾತಾಡದೆ ಒಳಗೆ ಹೋಗಿ ಅಕ್ಕಿ, ಉದ್ದಿನಬೇಳೆ ನೆನೆಹಾಕಿದರು. ಮಾರನೇ ಬೆಳಗ್ಗೆಯಲ್ಲ, ಅದರ ಮಾರನೇ ಬೆಳಗ್ಗೆ ಮೊದಲ ಇಡ್ಲಿ ಮುರಿದು, ಊದಿ ಆರಿಸಿ ಕೊಟ್ಟರು. ಚಿನ್ನಿ ಮಲಗಿದ್ದ ಕಡೆಯಿಂದಲೇ ಕತ್ತು ಚಾಚಿ ತಿಂದಳು. ಅರ್ಧ ತಿಂದಳು.